ಎಲೆ ಇಲ್ಲದ ಕುಂಡದಲ್ಲಿ ಕೆಂಪು ಚೆಂಡು: ಬಿಸಿಲ ಸೀಮೆಯಲ್ಲಿ ಫುಟ್ಬಾಲ್ ಲಿಲ್ಲಿ ಗುರುತಿಸಿ ಬೆಳೆಸುವ ಬಗೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಹಿತ್ತಲಿನಲ್ಲಿ ನೋಡಲು ಹೆಚ್ಚೇನೂ ಇರುವುದಿಲ್ಲ. ದಾಸವಾಳ ಬಾಡಿರುತ್ತದೆ, ತುಳಸಿ ಒಣಗಿರುತ್ತದೆ, ಎರೆ ನೆಲ ಬಿರುಕು ಬಿಟ್ಟಿರುತ್ತದೆ. ಅಂಥ ಹೊತ್ತಲ್ಲಿ ಒಂದು ಅಡ್ಡಮಳೆ ಬಿದ್ದರೆ ಸಾಕು, ಒಂದೆಲೆಯೂ ಇಲ್ಲದ ಕುಂಡದಿಂದ ದಪ್ಪ ದಂಟು ಎದ್ದು, ಅದರ ತುದಿಯಲ್ಲಿ ಅಂಗೈಗಿಂತ ದೊಡ್ಡದಾದ ಕೆಂಪು ಹೂಚೆಂಡು ಅರಳುತ್ತದೆ. ಅದೇ ಫುಟ್ಬಾಲ್ ಲಿಲ್ಲಿ. ಬಾಲ್ ಲಿಲ್ಲಿ, ಬ್ಲಡ್ ಲಿಲ್ಲಿ, ಮೇ ಫ್ಲವರ್ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಸ್ಕಡಾಕ್ಸಸ್ ಮಲ್ಟಿಫ್ಲೋರಸ್.

ಇದು ಮಲೆನಾಡಿನ ಕಡೆ ಮಾತ್ರ ಬರುವ ಗಿಡ, ಬಳ್ಳಾರಿ ರಾಯಚೂರು ಬಿಸಿಲಿಗೆ ತಡೆಯುವುದಿಲ್ಲ ಎಂದು ಸುಮಾರು ಜನ ನಂಬಿದ್ದಾರೆ. ಅದು ತಪ್ಪು. ಇಲ್ಲಿ ಈ ಗಡ್ಡೆ ಸಾಯುವುದು ಬಿಸಿಲಿಗಲ್ಲ. ಎರೆ ಮಣ್ಣಿನಲ್ಲಿ ನೆಟ್ಟು, ಚಳಿಗಾಲದಲ್ಲೂ ಬೇಸಿಗೆಯಲ್ಲೂ ಪ್ರೀತಿಯಿಂದ ನೀರು ಹಾಕುತ್ತಾರಲ್ಲ, ಅದಕ್ಕೆ ಕೊಳೆತು ಸಾಯುತ್ತದೆ. ಈ ಎರಡನ್ನು ಬಿಟ್ಟರೆ ಇದರಷ್ಟು ಕಡಿಮೆ ಕೆಲಸ ಕೇಳುವ ಹೂವಿನ ಗಿಡ ಇನ್ನೊಂದಿಲ್ಲ.

ಇದರ ಊರು, ಇದರ ವರ್ಷ

ಬೆಳೆಸುವ ಮೊದಲು ಇದು ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾ ಇದರ ತವರು. ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಸೊಮಾಲಿಯಾವರೆಗೆ, ಕೆಳಗೆ ದಕ್ಷಿಣ ಆಫ್ರಿಕಾದವರೆಗೆ ಹಬ್ಬಿದೆ. ಕೆಂಪು ಸಮುದ್ರದ ಆಚೆ ಯೆಮೆನ್, ಸೌದಿ ಅರೇಬಿಯಾದಲ್ಲೂ ಇದೆ. ಅಲ್ಲಿ ಬಹಳಷ್ಟು ಕಡೆ ವರ್ಷದಲ್ಲಿ ಎರಡೇ ಕಾಲ: ಒಂದು ಮಳೆಗಾಲ, ಇನ್ನೊಂದು ಬೆಂಕಿಯಂಥ ಒಣಗಾಲ. ಒಣಗಾಲದಲ್ಲಿ ಎಲೆಯೆಲ್ಲ ಉದುರಿಸಿ ಗಡ್ಡೆ ನೆಲದೊಳಗೆ ಮಲಗುತ್ತದೆ. ಮೊದಲ ಮಳೆಗೆ ಹೂವು, ಆಮೇಲೆ ಎಲೆ, ಮಳೆ ಮುಗಿದರೆ ಮತ್ತೆ ನಿದ್ದೆ.

ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗಳ ವರ್ಷವೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಬೀಳುವುದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ. ಚಳಿಗಾಲ ಒಣ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಅಂದ್ರೆ ಈ ಗಿಡಕ್ಕೆ ನಾವು ಹೊಸ ಅಭ್ಯಾಸ ಕಲಿಸಬೇಕಾಗಿಲ್ಲ, ಅದರ ಅಭ್ಯಾಸ ಕೆಡಿಸದೇ ಇದ್ದರೆ ಆಯಿತು.

ಗುರುತಿಸುವುದು ಹೇಗೆ

ಹೂ ಅರಳಿದಾಗ ಗುರುತು ಹಿಡಿಯುವುದು ಸುಲಭ. ದೂರದಿಂದ ಒಂದೇ ದೊಡ್ಡ ಹೂವು ಅನ್ನಿಸಿದರೂ ಹತ್ತಿರ ಹೋಗಿ ನೋಡಿ, ಅದು ಹತ್ತಾರು, ಕೆಲವೊಮ್ಮೆ ನೂರಕ್ಕೂ ಮೀರಿದ ಚಿಕ್ಕ ಹೂಗಳ ಗೊಂಚಲು. ಪ್ರತಿ ಚಿಕ್ಕ ಹೂವಿಗೂ ಆರು ತೆಳ್ಳನೆಯ ಪಕಳೆ, ಆರು ಉದ್ದನೆಯ ಕೇಸರ, ಕೇಸರದ ತುದಿಯಲ್ಲಿ ಹಳದಿ ಪರಾಗ. ಎಲ್ಲ ಹೂವಿನ ತೊಟ್ಟೂ ದಂಟಿನ ತುದಿಯ ಒಂದೇ ಜಾಗದಿಂದ ಹೊರಟು ಎಲ್ಲ ದಿಕ್ಕಿಗೂ ಚಾಚುವುದರಿಂದ ಚೆಂಡಿನ ಆಕಾರ ಬರುತ್ತದೆ. ಅರಳಿದಾಗ ಕಡುಕೆಂಪು, ದಿನ ಕಳೆದಂತೆ ಗುಲಾಬಿಗೆ ತಿರುಗುತ್ತದೆ. ದಂಟಿನಲ್ಲಿ ಎಲೆ ಇರುವುದಿಲ್ಲ, ಅದರ ಬುಡದಲ್ಲಿ ಕೆಂಪು ಕಂದು ಚುಕ್ಕೆಗಳು ಇರುತ್ತವೆ.

ಎಲೆ ಮಾತ್ರ ಇದ್ದಾಗ ಸ್ವಲ್ಪ ಗಮನ ಬೇಕು. ಎಲೆ ಅಗಲ, ತೆಳು, ನಡುವೆ ಎದ್ದು ಕಾಣುವ ನರ. ಎಲೆಗಳ ತೊಟ್ಟುಗಳು ಒಂದನ್ನೊಂದು ಸುತ್ತಿಕೊಂಡು ನೆಲದ ಮೇಲೆ ಕಾಂಡದ ಥರ ನಿಲ್ಲುತ್ತವೆ, ಅದರ ಮೇಲೂ ಚುಕ್ಕೆಗಳಿರುತ್ತವೆ. ಇದೇ ಚುಕ್ಕೆ ನೋಡಿ ಇದನ್ನು ಸುವರ್ಣಗಡ್ಡೆ ಅಂದುಕೊಳ್ಳುವವರಿದ್ದಾರೆ. ಅದೂ ಮೊದಲ ಮಳೆಗೇ ಏಳುತ್ತದೆ, ಅದರ ದಂಟಿನ ಮೇಲೂ ಮಚ್ಚೆ ಇರುತ್ತದೆ. ವ್ಯತ್ಯಾಸ ಎಲೆಯಲ್ಲಿದೆ. ಸುವರ್ಣಗಡ್ಡೆಯದು ಸೀಳು ಸೀಳಾಗಿ ಛತ್ರಿಯ ಹಾಗೆ ಹರಡುತ್ತದೆ, ಇದರದು ಸೀಳಿಲ್ಲದ ಇಡೀ ಎಲೆ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಯಾಕೆಂದರೆ ಒಂದು ತಿನ್ನುವ ಗಡ್ಡೆ, ಇನ್ನೊಂದು ವಿಷ.

ಇನ್ನು ಅಂಗಡಿಯಲ್ಲಿ ಹೆಸರು ಬದಲಾಗುವ ಗಿಡಗಳು. ಸುಮ್ನೆ ಲಿಲ್ಲಿ ಗಡ್ಡೆ ಕೊಡಿ ಅಂದರೆ ಏನು ಬೇಕಾದರೂ ಕೈಗೆ ಬರಬಹುದು. ನಾಲ್ಕೈದು ದೊಡ್ಡ ತುತ್ತೂರಿ ಆಕಾರದ ಹೂ ಬಿಡುವುದು ಹಿಪಿಯಾಸ್ಟ್ರಮ್, ಮಾರುವವರು ಅದನ್ನು ಅಮರಿಲ್ಲಿಸ್ ಅನ್ನುತ್ತಾರೆ, ಅದರ ತವರು ದಕ್ಷಿಣ ಅಮೆರಿಕ. ಬಿಳಿ ಹೂವಿನ, ಜೇಡರ ಕಾಲಿನಂಥ ಪಕಳೆಯ ಸ್ಪೈಡರ್ ಲಿಲ್ಲಿಯೂ ಅಮೆರಿಕದ್ದೇ. ಬೇಲಿ ಮೇಲೆ ಹಬ್ಬುವ, ಎಲೆ ತುದಿಯೇ ಬಳ್ಳಿಯಾಗಿ ಸುತ್ತಿಕೊಳ್ಳುವ ಅಗ್ನಿಶಿಖೆ ಅಥವಾ ಗೌರಿ ಹೂವು ಆಫ್ರಿಕಾದಲ್ಲೂ ಇದೆ, ನಮ್ಮಲ್ಲೂ ತಾನಾಗಿ ಬೆಳೆಯುತ್ತದೆ, ಅದು ಜಿಂಬಾಬ್ವೆಯ ರಾಷ್ಟ್ರೀಯ ಹೂವು, ಆದರೆ ಅದು ಫುಟ್ಬಾಲ್ ಲಿಲ್ಲಿಯ ಕುಟುಂಬದ್ದೇ ಅಲ್ಲ. ಮೇ ಫ್ಲವರ್ ಅಂತ ಕೇಳಿದರೆ ಗುಲ್‌ಮೊಹರ್ ಸಸಿ ಕೊಡುವವರೂ ಇದ್ದಾರೆ. ಹಾಗಾಗಿ ಹೂವಿನ ಫೋಟೋ ಮೊಬೈಲಿನಲ್ಲಿ ತೋರಿಸಿಯೇ ಕೇಳಿ.

ಜಾಸ್ತಿ ಗೊಂದಲ ಇರುವುದು ಹೀಮ್ಯಾಂತಸ್ ಎಂಬ ಹೆಸರಿನಲ್ಲಿ. 1795ರಲ್ಲಿ ಸಸ್ಯಶಾಸ್ತ್ರಜ್ಞ ಥಾಮಸ್ ಮಾರ್ಟಿನ್ ಈ ಗಿಡವನ್ನು ಹೀಮ್ಯಾಂತಸ್ ಮಲ್ಟಿಫ್ಲೋರಸ್ ಎಂದು ವಿವರಿಸಿದರು. 1838ರಲ್ಲಿ ರಫಿನೆಸ್ಕ್ ಇದನ್ನು ಸ್ಕಡಾಕ್ಸಸ್ ಎಂಬ ಬೇರೆ ಜಾತಿಗೆ ಸೇರಿಸಿದರು. ಆದರೂ ಹಳೆ ಹೆಸರೇ ಓಡುತ್ತಿತ್ತು. 1976ರಲ್ಲಿ ಫ್ರೀಸ್ ಮತ್ತು ನೂರ್ದಾಲ್ ಎರಡನ್ನೂ ಮತ್ತೆ ಬೇರ್ಪಡಿಸಿದ ಮೇಲೆ ಸ್ಕಡಾಕ್ಸಸ್ ಗಟ್ಟಿಯಾಯಿತು. ನರ್ಸರಿ ಚೀಟಿಗಳಲ್ಲಿ ಇವತ್ತಿಗೂ ಹೀಮ್ಯಾಂತಸ್ ಅಂತಲೇ ಬರೆದಿರುತ್ತಾರೆ. ನಿಜವಾದ ಹೀಮ್ಯಾಂತಸ್ ಆಫ್ರಿಕಾದ ದಕ್ಷಿಣ ತುದಿಯಲ್ಲಿ ಮಾತ್ರ ಇರುವ ಗಿಡ. ಅದರ ಎಲೆ ದಪ್ಪ, ತೊಟ್ಟಿಲ್ಲ, ನಡುನರ ಕಾಣುವುದಿಲ್ಲ, ಸಾಮಾನ್ಯವಾಗಿ ಎರಡೇ ಎಲೆ ಎದುರುಬದುರಾಗಿ ಇರುತ್ತವೆ. ಅದರಲ್ಲಿ ಕೆಲವು ಚಳಿಗಾಲದ ಮಳೆಗೆ ಬೆಳೆಯುವಂಥವು, ಅವನ್ನು ತಂದು ನಮ್ಮ ಜೂನ್ ಮಳೆಗೆ ಇಟ್ಟರೆ ಕಾಲವೇ ತಲೆಕೆಳಗಾಗುತ್ತದೆ.

ಮಲ್ಟಿಫ್ಲೋರಸ್ ಒಳಗೇ ಮೂರು ಉಪಜಾತಿ ಇವೆ. ನಮಗೆ ಸಿಗುವುದು ಬಹುತೇಕ ಮಲ್ಟಿಫ್ಲೋರಸ್ ಉಪಜಾತಿ, ಮೊದಲು ಹೂವು, ಅದರ ಜೊತೆಗೋ ಹಿಂದೆಯೋ ಎಲೆ. ಕ್ಯಾಥರಿನೆ ಎಂಬುದು ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯದು, ನೇಟಾಲಿನಲ್ಲಿ ಗಿಡಗಳ ಚಿತ್ರ ಬರೆಯುತ್ತಿದ್ದ ಕ್ಯಾಥರಿನ್ ಸಾಂಡರ್ಸ್ ಅವರ ಹೆಸರು ಅದಕ್ಕೆ. ಅದು ಎತ್ತರ, ಎಲೆ ತುಂಬಿರುವಾಗಲೇ ಹೂ ಬಿಡುತ್ತದೆ, ಇಷ್ಟು ಒಣ ಹವೆ ಅದಕ್ಕೆ ಹಿಡಿಸುವುದಿಲ್ಲ. ಮೂರನೆಯದು ಲಾಂಜಿಟ್ಯೂಬಸ್, ಪಶ್ಚಿಮ ಆಫ್ರಿಕಾದ ಕಾಡಿನದು. ಬಿಸಿಲ ಸೀಮೆಗೆ ಮೊದಲನೆಯದೇ ಸರಿ.

ಗಡ್ಡೆ ತರುವಾಗ

ಫೆಬ್ರವರಿಯಿಂದ ಏಪ್ರಿಲ್ ಮಧ್ಯದೊಳಗೆ ತನ್ನಿ, ಆಗ ಗಡ್ಡೆ ಮಲಗಿರುತ್ತದೆ. ಒತ್ತಿ ನೋಡಿದರೆ ಗಟ್ಟಿ ಇರಬೇಕು. ಬುಡದ ಬೇರು ಹೊರಡುವ ತಟ್ಟೆ ಮೆತ್ತಗಾಗಿದ್ದರೆ, ವಾಸನೆ ಬರುತ್ತಿದ್ದರೆ ಎಷ್ಟೇ ಅಗ್ಗ ಇರಲಿ ಬೇಡ. ಬೇರು ದಪ್ಪ, ರಸಭರಿತ. ಅದನ್ನು ಬೋಳಿಸಿದ ಗಡ್ಡೆ ಮೊದಲ ವರ್ಷ ಹೂ ಬಿಡುವುದು ಕಷ್ಟ, ಆದ್ದರಿಂದ ಬೇರಿರುವುದನ್ನೇ ಆರಿಸಿ. ಚಿಕ್ಕ ನಿಂಬೆ ಗಾತ್ರಕ್ಕಿಂತ ಸಣ್ಣ ಗಡ್ಡೆ ಎಲೆ ಮಾತ್ರ ಕೊಡುತ್ತದೆ.

ಇಲ್ಲೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಇದರ ಗಡ್ಡೆಯನ್ನು ಅಡುಗೆಮನೆಯಲ್ಲಿ, ಉಳ್ಳಾಗಡ್ಡಿ ಬುಟ್ಟಿಯ ಹತ್ತಿರ ಒಂದು ದಿನವೂ ಇಡಬೇಡಿ. ಈ ಗಿಡದಲ್ಲಿ ವಿಷದ ಆಲ್ಕಲಾಯ್ಡ್‌ಗಳಿವೆ, ಗಡ್ಡೆಯಲ್ಲೇ ಜಾಸ್ತಿ. ಆಫ್ರಿಕಾದ ಕೆಲವು ಕಡೆ ಇದನ್ನು ಬಾಣದ ವಿಷಕ್ಕೂ ಮೀನು ಹಿಡಿಯುವ ವಿಷಕ್ಕೂ ಬಳಸಿದ್ದಾರೆ. ಕುರಿ, ಆಡು ಮೇಯುವ ಜಾಗದಲ್ಲಿ ನೆಡಬೇಡಿ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಕುಂಡ ಎತ್ತರದಲ್ಲಿರಲಿ, ಕೆಂಪು ಹಣ್ಣು ಬಿಡುವ ತಿಂಗಳುಗಳಲ್ಲಂತೂ ಕಡ್ಡಾಯ. ಗಡ್ಡೆ ಕತ್ತರಿಸುವಾಗ ಕೈಗವಸು ಹಾಕಿ, ಆಮೇಲೆ ಕೈ ತೊಳೆಯಿರಿ. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತ ಕೂರದೆ, ಗಿಡದ ತುಂಡು ಹಿಡಿದು ನೇರ ಆಸ್ಪತ್ರೆಗೆ ಹೋಗಿ.

ಮಣ್ಣು ಕಲಸುವುದು

ಎರೆ ಮಣ್ಣು ಹತ್ತಿಗೆ, ಜೋಳಕ್ಕೆ, ಕಡಲೆಗೆ ಚಿನ್ನ. ಈ ಗಡ್ಡೆಗೆ ಮಾತ್ರ ಬೇಡ. ಮಳೆಗೆ ಉಬ್ಬಿ ನೀರು ಹಿಡಿದುಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದಾಗ ಕುಗ್ಗಿ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಸುಮ್ನೆ ಒಂದು ಹಿಡಿ ಉಸುಕು ಬೆರೆಸಿದರೆ ಅದರ ಗುಣ ಬದಲಾಗುವುದಿಲ್ಲ.

ಕೆಂಪು ಮಸಾರಿ ಮಣ್ಣು ತನ್ನಿ. ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ, ಸಂಡೂರಿನವರಿಗೆ ಅದು ಹತ್ತಿರದಲ್ಲೇ ಸಿಗುತ್ತದೆ. ಎರಡು ಬುಟ್ಟಿ ಮಸಾರಿ ಮಣ್ಣಿಗೆ ಒಂದು ಬುಟ್ಟಿ ದಪ್ಪ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದವರಿಗೆ ಅಕ್ಕಿ ಗಿರಣಿ ಪಕ್ಕದಲ್ಲೇ ಭತ್ತದ ಹೊಟ್ಟಿನ ಸುಟ್ಟ ಕರಿ ಸಿಗುತ್ತದೆ. ಅರ್ಧ ಬುಟ್ಟಿ ಅದನ್ನು ಬೆರೆಸಿದರೆ ಮಣ್ಣು ಹಗುರಾಗುತ್ತದೆ, ಅದಕ್ಕಿಂತ ಹೆಚ್ಚು ಬೇಡ, ಕ್ಷಾರ ಏರುತ್ತದೆ. ಸುಡದ ಹಸಿ ಹೊಟ್ಟು ಹಾಕಿದರೆ ಗೆದ್ದಲು ಕರೆದ ಹಾಗೆ. ಕುರಿ ಗೊಬ್ಬರ ಹಾಕುವುದಾದರೆ ವರ್ಷ ಹಳೆಯದೇ ಇರಲಿ, ಹೊಸದು ಬಿಸಿಯಾಗಿ ಬೇರು ಸುಡುತ್ತದೆ. ಉಸುಕನ್ನು ಬಳಸುವ ಮೊದಲು ಒಮ್ಮೆ ತೊಳೆದು ಬಿಡಿ.

ನೆಡುವುದು, ಇಡುವುದು

ಮಣ್ಣಿನ ಕುಂಡವೇ ಒಳ್ಳೆಯದು, ಒಂದು ಗಡ್ಡೆಗೆ 8 ಇಂಚಿನದು ಸಾಕು. ತಳದ ತೂತಿನ ಮೇಲೆ ಒಡೆದ ಹೆಂಚಿನ ಚೂರು ಇಟ್ಟು ಮಣ್ಣು ತುಂಬಿ. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ, ಬೇರು ಕೆಳಗೆ ಹರಡಿಸಿ ನೆಡಿ. ನೆಲದಲ್ಲಿ ನೆಡುವವರು ಕುತ್ತಿಗೆ ಮೇಲೆ ಒಂದಿಂಚು ಮಣ್ಣು ಎಳೆಯಿರಿ, ಯಾಕೆಂದರೆ ನಮ್ಮ ಬೇಸಿಗೆಯಲ್ಲಿ ಮೇಲ್ಮಣ್ಣು ಕಾದ ಹಂಚಾಗುತ್ತದೆ. ಎರೆ ನೆಲ ಇದ್ದವರು ನೆಲ ಅಗೆಯಲೇಬೇಡಿ, ಮುಕ್ಕಾಲು ಅಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ ಅದರೊಳಗೆ ಈ ಮಿಶ್ರಣ ತುಂಬಿ.

ಜಾಗ ಆರಿಸುವಾಗ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಎಂದು ನೋಡಿ. ಬೇವು, ಹೊಂಗೆ, ಮಾವಿನ ಮರದ ಅಂಚಿನ ನೆರಳು ಚೆನ್ನಾಗಿ ಒಪ್ಪುತ್ತದೆ. ಪಶ್ಚಿಮದ ಗೋಡೆಗೆ ಒತ್ತಿ ಇಟ್ಟರೆ ಸಂಜೆವರೆಗೂ ಗೋಡೆ ಕಕ್ಕುವ ಶಾಖಕ್ಕೆ ಎಲೆ ಅಂಚು ಸುಡುತ್ತದೆ. ಮಾಳಿಗೆ ಮೇಲೆ ಇಡುವವರು ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡಿ.

ನೀರಿನ ಲೆಕ್ಕ

ಇಡೀ ಬೆಳೆಸುವಿಕೆ ನಿಂತಿರುವುದು ಇದರ ಮೇಲೆ, ನಿಧಾನವಾಗಿ ಓದಿ.

ನೆಟ್ಟ ದಿನ ಒಂದು ಸಲ ಚೆನ್ನಾಗಿ ನೀರು ಕೊಟ್ಟು ಸುಮ್ಮನಿದ್ದುಬಿಡಿ. ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ, ಮಣ್ಣಿನಿಂದ ಚುಕ್ಕೆ ಚುಕ್ಕೆಯ ಮೊನೆ ಹೊರಬರುತ್ತದೆ. ಮಳೆ ಬಾರದೇ ಹೋದರೆ ಮೇ ಮೊದಲ ವಾರದಲ್ಲಿ ನೀವೇ ಒಂದು ಸಲ ಮಣ್ಣು ಪೂರ್ತಿ ನೆನೆಯುವಷ್ಟು ಹಾಕಿ. ಮೊನೆ ಕಂಡ ದಿನದಿಂದ ನೀರು ಶುರು: ಮೇಲಿನ ಒಂದಿಂಚು ಮಣ್ಣು ಒಣಗಿದೆಯಾ ಎಂದು ಬೆರಳಿಟ್ಟು ನೋಡಿ, ಒಣಗಿದ್ದರೆ ತಳದಿಂದ ಹರಿಯುವವರೆಗೆ ಹಾಕಿ. ಮೊನೆ ಬಂದ ಮೇಲೆ ನೀರು ತಪ್ಪಿಸಿದರೆ ದಂಟು ಗಿಡ್ಡಾಗಿ ಹೂ ಅರ್ಧಕ್ಕೇ ಬಾಡುತ್ತದೆ. ಮೊಗ್ಗಿನ ನೆತ್ತಿ ಮೇಲೆ ನೀರು ಸುರಿಯಬೇಡಿ.

ಹೂವು ಒಂದೆರಡು ವಾರ ನಿಲ್ಲುತ್ತದೆ. ಅರಳಿದ ಮೇಲೆ ಕುಂಡವನ್ನು ಪೂರ್ತಿ ನೆರಳಿಗೆ ಸರಿಸಿದರೆ ಬಣ್ಣ ಇನ್ನೂ ನಾಲ್ಕು ದಿನ ಉಳಿಯುತ್ತದೆ. ಕಾರಹುಣ್ಣಿಮೆ ಹೊತ್ತಿಗೆ ಹೂವು ಮುಗಿದು ಎಲೆ ಬಿಚ್ಚಿಕೊಂಡಿರುತ್ತದೆ. ಮುಂಗಾರಿನಲ್ಲಿ ನೀರು ಮಳೆಯ ಪಾಲಿಗೆ ಬಿಡಿ, ಮಳೆ ಕೈಕೊಟ್ಟರೆ ಮಾತ್ರ ಹಾಕಿ. ನಮ್ಮ ಕಡೆ ಜುಲೈಯಲ್ಲೇ ಹದಿನೈದು ದಿನ ಹನಿ ಬೀಳದೇ ಹೋಗುವುದುಂಟು, ಆಗ ಮರೆಯಬೇಡಿ.

ಬೋರ್‌ವೆಲ್ ನೀರು ಸವಳಾಗಿದ್ದರೆ ಕುಂಡದ ಹೊರಗೆ ಬಿಳಿ ಉಪ್ಪು ಕೂರುತ್ತದೆ, ಎಲೆಯ ತುದಿ ಕಂದಾಗುತ್ತದೆ. ಮಾಳಿಗೆಯಿಂದ ಬೀಳುವ ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಇದಕ್ಕೆ ಸಾಕಾಗುತ್ತದೆ. ಅದೂ ಆಗದಿದ್ದರೆ ತಿಂಗಳಿಗೊಮ್ಮೆ ಜೋರು ಮಳೆಗೆ ಕುಂಡ ಹೊರಗಿಡಿ, ಉಪ್ಪು ತೊಳೆದುಹೋಗುತ್ತದೆ.

ಅಕ್ಟೋಬರ್ ಕೊನೆಯಿಂದ ನೀರು ಇಳಿಸುತ್ತ ಬನ್ನಿ. ನವೆಂಬರ್, ಡಿಸೆಂಬರಿನಲ್ಲಿ ಎಲೆ ಹಳದಿಯಾಗುತ್ತದೆ. ಇದನ್ನು ಕಂಡು ಅಯ್ಯೋ ಗಿಡ ಸಾಯ್ತಾ ಇದೆ ಅಂತ ಬಿಂದಿಗೆಗಟ್ಟಲೆ ಸುರಿಯುವವರೇ ಜಾಸ್ತಿ. ಅದು ಸಾಯುತ್ತಿಲ್ಲ, ಮಲಗುತ್ತಿದೆ. ಎಲೆ ತಾನಾಗಿ ಒಣಗಿ ಬಿದ್ದ ಮೇಲೆ ನೀರು ಪೂರ್ತಿ ಬಂದ್. ಕುಂಡವನ್ನು ಮಳೆ ತಾಗದ, ಬಿಸಿಲು ಬೀಳದ ಮೂಲೆಯಲ್ಲಿ ಇಡಿ, ಮೆಟ್ಟಿಲ ಕೆಳಗೆ ಆದರೂ ಸರಿ. ಫೆಬ್ರವರಿಯಲ್ಲಿ ಮಣ್ಣು ಧೂಳಾಗಿದೆ ಅಂತ ಮರುಕ ಬೇಡ. ಸಣ್ಣ ಗಡ್ಡೆಗಳಿಗೆ ಮಾತ್ರ ತಿಂಗಳಿಗೊಮ್ಮೆ ಒಂದು ಲೋಟ ನೀರು ಅಂಚಿನಲ್ಲಿ ಹಾಕಬಹುದು, ಪೂರ್ತಿ ಸುರುಟಿ ಹೋಗದಿರಲಿ ಅಂತ.

ಹೂವಿಗಿಂತ ಎಲೆ ಮುಖ್ಯ

ಹೂ ಬಾಡಿದ ಮೇಲೆ ಗಿಡವನ್ನು ಮರೆತುಬಿಡುತ್ತೇವೆ. ಆದರೆ ಮುಂದಿನ ಮೇ ತಿಂಗಳ ಹೂವು ತಯಾರಾಗುವುದು ಈ ಜೂನ್‌ನಿಂದ ಅಕ್ಟೋಬರ್‌ವರೆಗೆ ಎಲೆ ಕೂಡಿಡುವ ಆಹಾರದಿಂದ. ಹಸಿರು ಎಲೆಯನ್ನು ಚೆಂದಕ್ಕೆಂದು ಕತ್ತರಿಸಬೇಡಿ, ಗಂಟು ಹಾಕಬೇಡಿ. ಬೀಜ ಬೇಡದಿದ್ದರೆ ಒಣಗಿದ ಹೂವಿನ ದಂಟನ್ನು ಬುಡದಲ್ಲಿ ಕತ್ತರಿಸಿ, ಶಕ್ತಿ ಗಡ್ಡೆಗೆ ಹೋಗುತ್ತದೆ.

ಹನಿ ನೀರಾವರಿ ಇರುವ ರೈತರ ಮನೆಯಲ್ಲಿ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವುದು) ಇದ್ದೇ ಇರುತ್ತದೆ. ಲೀಟರ್ ನೀರಿಗೆ 2 ಗ್ರಾಂ ಹಾಕಿ ಜೂನ್, ಜುಲೈಯಲ್ಲಿ ಹದಿನೈದು ದಿನಕ್ಕೊಮ್ಮೆ ಕೊಡಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅದೇ ಅಳತೆಯಲ್ಲಿ 0:0:50, ಅಂದರೆ ಬರೀ ಪೊಟ್ಯಾಷ್ ಇರುವ ಗೊಬ್ಬರ. ಯೂರಿಯಾ ಬೇಡ, ಎಲೆ ಕೊಬ್ಬುತ್ತದೆ, ಗಡ್ಡೆ ಕೊಬ್ಬುವುದಿಲ್ಲ. ರಾಸಾಯನಿಕ ಬೇಡ ಅನ್ನುವವರು ಎರೆಹುಳು ಗೊಬ್ಬರವನ್ನು ಒಂದು ಹಿಡಿಯಂತೆ ತಿಂಗಳಿಗೊಮ್ಮೆ ಹಾಕಿದರೂ ನಡೆಯುತ್ತದೆ. ನಿದ್ದೆಯ ಕಾಲದಲ್ಲಿ ಯಾವ ಗೊಬ್ಬರವೂ ಬೇಡ.

ಎಲೆ ಬಂತು, ಹೂ ಬರಲಿಲ್ಲ ಅಂದರೆ ಮೊದಲು ಗಡ್ಡೆಯ ವಯಸ್ಸು ನೋಡಿ. ದೊಡ್ಡದೇ ಇದ್ದರೆ ಕಾರಣ ಮೂರರಲ್ಲಿ ಒಂದು: ಚಳಿಗಾಲದಲ್ಲಿ ನೀರು ಹೋಗಿದೆ, ಹೋದ ಮಳೆಗಾಲದಲ್ಲಿ ತೀರಾ ಕತ್ತಲೆಯಲ್ಲಿತ್ತು, ಇಲ್ಲವೇ ಕುಂಡ ಬದಲಿಸಿದ್ದೀರಿ. ಇದಕ್ಕೆ ಬೇರು ಕೆದಕುವುದು ಆಗಿಬರುವುದಿಲ್ಲ. ಮೂರ್ನಾಲ್ಕು ವರ್ಷ ಒಂದೇ ಕುಂಡದಲ್ಲಿ ಬಿಡಿ, ಇಕ್ಕಟ್ಟಾದಷ್ಟೂ ಚೆನ್ನಾಗಿ ಹೂ ಬಿಡುತ್ತದೆ.

ಹುಳ ಮತ್ತು ಕೊಳೆ

ಮಳೆಗಾಲದಲ್ಲಿ ಎಲೆಯ ಹಿಂಬದಿ ತಿರುವಿ ನೋಡುತ್ತಿರಿ. ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಯ ಕಂಬಳಿಹುಳದಂಥದ್ದು ಕಂಡರೆ ಅದು ಲಿಲ್ಲಿ ಪತಂಗದ ಮರಿ. ಸ್ಪೈಡರ್ ಲಿಲ್ಲಿ, ಗೌರಿ ಹೂವು ಪಕ್ಕದಲ್ಲಿದ್ದರೆ ಅಲ್ಲಿಂದ ಬರುತ್ತದೆ. ಎರಡು ರಾತ್ರಿಯಲ್ಲಿ ಎಲೆ ಖಾಲಿ ಮಾಡುತ್ತದೆ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ, ಸಂಜೆ ಬೇವಿನ ಎಣ್ಣೆ ಲೀಟರಿಗೆ 5 ಮಿಲಿಯಂತೆ ಸ್ವಲ್ಪ ಸೋಪು ಬೆರೆಸಿ ಸಿಂಪಡಿಸಿ. ಎಲೆ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕೂರುವ ಹಿಟ್ಟು ತಿಗಣೆಗೂ ಇದೇ ಮದ್ದು.

ಕೊಳೆ ಬಂದರೆ ಎಲೆ ಬುಡದಿಂದಲೇ ಮೆತ್ತಗಾಗಿ ವಾಲುತ್ತದೆ. ತಡ ಮಾಡದೆ ಗಡ್ಡೆ ತೆಗೆಯಿರಿ. ಮೆತ್ತಗಾದ ಭಾಗವನ್ನು ಬಿಳಿ ಗಟ್ಟಿ ತಿರುಳು ಸಿಗುವವರೆಗೆ ಕೆತ್ತಿ, ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅರ್ಧ ತಾಸು ಅದ್ದಿ, ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ಹೊಸ ಮಣ್ಣಿಗೆ ಹಾಕಿ. ಬುಡದ ತಟ್ಟೆಯೇ ಕೊಳೆತಿದ್ದರೆ ಉಳಿಯುವುದಿಲ್ಲ, ಹೂತುಬಿಡಿ.

ಮರಿ ಮಾಡುವುದು

ಹಳೆಯ ಗಡ್ಡೆ ಪಕ್ಕದಲ್ಲಿ ಮರಿಗಡ್ಡೆ ಹಾಕುತ್ತದೆ, ಆದರೆ ನಿಧಾನ. ಏಪ್ರಿಲ್‌ನಲ್ಲಿ, ಮೊನೆ ಬರುವ ಮೊದಲು, ಸ್ವಂತ ಬೇರಿರುವ ಮರಿಯನ್ನು ಮಾತ್ರ ಬಿಡಿಸಿ. ಗಾಯಕ್ಕೆ ಬೂದಿ ಹಚ್ಚಿ ಒಂದು ದಿನ ಬಿಟ್ಟು ನೆಡಿ.

ಬೀಜದಿಂದ ಬೆಳೆಸುವುದು ತಾಳ್ಮೆಯ ಕೆಲಸ, ಆದರೆ ಮಾಡಿ ನೋಡಲೇಬೇಕು. ಹೂವಿನ ಜಾಗದಲ್ಲಿ ಹಸಿರು ಕಾಯಿ ಕಟ್ಟಿ, ತಿಂಗಳುಗಳ ಮೇಲೆ ಹೊಳೆಯುವ ಕೆಂಪು ಹಣ್ಣಾಗುತ್ತದೆ. ಹಣ್ಣನ್ನು ಹಿಚುಕಿ ತಿರುಳು ಪೂರ್ತಿ ತೊಳೆದು ತೆಗೆಯಿರಿ. ಈ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಇಡುವಂತಿಲ್ಲ, ರಸ ಇರುವಾಗಲೇ ಬಿತ್ತಬೇಕು. ಉಸುಕು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಬೆರೆಸಿ ತೇವ ಮಾಡಿ, ಬೀಜವನ್ನು ಮೇಲ್ಮೈಯಲ್ಲಿ ಅರ್ಧ ಒತ್ತಿ ಇಡಿ, ಮುಚ್ಚಬೇಡಿ. ನೆರಳಲ್ಲಿರಲಿ, ತೇವ ಆರದಿರಲಿ. ಮೊದಲು ಒಂದು ಬೇರು ಹೊರಟು ಮಣ್ಣಿಗಿಳಿಯುತ್ತದೆ, ಅದರ ತುದಿಯಲ್ಲಿ ಪುಟ್ಟ ಗಡ್ಡೆ ಊದಿಕೊಳ್ಳುತ್ತದೆ, ಎಲೆ ಕಾಣುವುದು ಅದರ ನಂತರವೇ. ಮೇಲೆ ಏನೂ ಕಾಣುತ್ತಿಲ್ಲ ಅಂತ ಕೆದಕಿ ನೋಡಿದರೆ ಆ ಎಳೆ ಬೇರು ಮುರಿಯುತ್ತದೆ. ಮೊದಲ ಚಳಿಗಾಲದಲ್ಲಿ ಸಸಿಗಳಿಗೆ ನೀರು ಪೂರ್ತಿ ನಿಲ್ಲಿಸಬೇಡಿ, ಎಲೆ ಹಸಿರಿರುವಷ್ಟು ದಿನ ಸ್ವಲ್ಪ ಸ್ವಲ್ಪ ಕೊಡಿ. ಎರಡನೇ ವರ್ಷದಿಂದ ದೊಡ್ಡ ಗಡ್ಡೆಯ ಹಾಗೆಯೇ ಮಲಗಿಸಬಹುದು. ಹೂವಿಗೆ ಮೂರರಿಂದ ಐದು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಪ್ರತಿ ಕುಂಡಕ್ಕೂ ಬಿತ್ತಿದ ವರ್ಷ ಬರೆದ ಚೀಟಿ ಸಿಕ್ಕಿಸಿಡಿ, ನಿದ್ದೆಯ ಕಾಲದಲ್ಲಿ ಖಾಲಿ ಕುಂಡ ಅಂದುಕೊಂಡು ಯಾರಾದರೂ ಮಣ್ಣು ಸುರಿದುಬಿಡುವುದು ತಪ್ಪುತ್ತದೆ.